‘ಮನೆಯವರು ಹಿಂಸೆ ಮಾಡಿದ್ದಾರಾ?’: ಅನುವಾದವಾದ ಪ್ರಶ್ನಾವಳಿಯನ್ನು ಪರೀಕ್ಷಿಸುವುದು ಹೇಗೆ

ಮೇಲಿನ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಮೂರೇ ಪದ. ನೋಡಲು ಏನೂ ತಪ್ಪಿಲ್ಲ. ಆದರೆ ಮೂರು ಪದದಲ್ಲಿ ಮೂರು ತೊಡಕುಗಳಿವೆ.

ಮೊದಲನೆಯದು ‘ಹಿಂಸೆ’. ಬಿಗಿಯಾದ ಚಪ್ಪಲಿ ಹಾಕಿಕೊಂಡರೂ ‘ಹಿಂಸೆ ಆಗ್ತಿದೆ’ ಅನ್ನುತ್ತೇವೆ. ಯಾರಾದರೂ ಜಾಸ್ತಿ ಮಾತಾಡಿದರೂ ಹಿಂಸೆಯೇ. ಇನ್ನೊಂದು ಕಡೆ, ಕೆನ್ನೆಗೆ ಬಿದ್ದ ಏಟನ್ನು ಹಿಂಸೆ ಅಂತ ಕರೆಯದ ಹೆಂಗಸರು ಬೇಕಾದಷ್ಟು ಮಂದಿ ಇದ್ದಾರೆ. ಎರಡನೆಯದು ‘ಮನೆಯವರು’. ಗಂಡನೂ ಮನೆಯವರೇ, ಅತ್ತೆ ಮಾವ ನಾದಿನಿ ಎಲ್ಲರೂ ಮನೆಯವರೇ. ಮೂರನೆಯದು ‘ಮಾಡಿದ್ದಾರಾ’. ಇದು ಒಬ್ಬರಿಗೆ ಕೊಟ್ಟ ಮರ್ಯಾದೆಯೋ, ಹತ್ತು ಜನರ ಬಹುವಚನವೋ? ಹೇಳುವಂತಿಲ್ಲ. ಅತ್ತೆಯ ಕಾಟವನ್ನು ನೆನೆದು ಒಬ್ಬಳು ‘ಹೌದು’ ಅಂದರೆ, ಅದು ಗಂಡನ ಲೆಕ್ಕಕ್ಕೆ ಹೋಗುತ್ತದೆ. ಗಂಡನ ಏಟನ್ನು ‘ಹಿಂಸೆ’ ಅಂದುಕೊಳ್ಳದವಳು ‘ಇಲ್ಲ’ ಅಂದರೆ, ಅದು ಲೆಕ್ಕಕ್ಕೇ ಬರುವುದಿಲ್ಲ.

ಬೇರೆ ಭಾಷೆಯ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು ಸಂಗಾತಿಯ ದೌರ್ಜನ್ಯವನ್ನು ಅಳೆಯಲು ಹೊರಟವರಿಗೆ ಈ ಬರಹ. ಸಂಶೋಧನಾ ವಿದ್ಯಾರ್ಥಿಗಳು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಸಂಸ್ಥೆಗಳಲ್ಲಿ ಇರುವವರು ಯಾರೇ ಆಗಿರಬಹುದು. ನನ್ನ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇನೆ. ಅನುವಾದ ಮೂಲಕ್ಕೆ ಎಷ್ಟು ಹತ್ತಿರ ಇದೆ ಎಂಬುದು ಎರಡನೆಯ ಮಾತು. ಏಟು ತಿಂದವಳು ಪ್ರಶ್ನೆ ಕೇಳಿ ‘ಇದು ನನ್ನ ಬಗ್ಗೆಯೇ’ ಅಂದುಕೊಳ್ಳುತ್ತಾಳಾ ಎಂಬುದು ಮೊದಲನೆಯದು. ಬಹಳಷ್ಟು ಜನ ಈ ಮೊದಲನೆಯದನ್ನು ಎರಡು ದಿನದಲ್ಲಿ ಮುಗಿಸಿ, ಉಳಿದ ಆರು ತಿಂಗಳನ್ನು ಸಂಖ್ಯಾಶಾಸ್ತ್ರದ ಮೇಲೆ ಸುರಿಯುತ್ತಾರೆ.

ಹಂತ 1: ಯಾವ ಪ್ರಶ್ನಾವಳಿ, ಯಾತಕ್ಕೆ?

ಇದನ್ನು ಬೇಗ ಮುಗಿಸೋಣ. ಆಸ್ಪತ್ರೆಯಲ್ಲಿ ಎರಡು ನಿಮಿಷದಲ್ಲಿ ಕೇಳಿ ಗುರುತಿಸಬೇಕು ಅಂದರೆ ‘ಹಿಟ್ಸ್’ (ನೋಯಿಸುವುದು, ಅವಮಾನಿಸುವುದು, ಬೆದರಿಸುವುದು, ಕೂಗಾಡಿ ಬೈಯುವುದು ಇವುಗಳ ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿಸಿದ ಹೆಸರು) ತರಹದ ಚಿಕ್ಕದು ಸಾಕು. ಅದರಲ್ಲಿ ಇರುವುದು 4 ಪ್ರಶ್ನೆ. ಪ್ರತಿಯೊಂದಕ್ಕೂ 1ರಿಂದ 5 ಅಂಕ, ಒಟ್ಟು 4ರಿಂದ 20. ಮೂಲದಲ್ಲಿ 10 ದಾಟಿದರೆ ಅಪಾಯದ ಸೂಚನೆ. ಸಂಶೋಧನೆಗೆ ವಿವರವಾಗಿ ಬೇಕು ಅಂದರೆ 1996ರಲ್ಲಿ ಪರಿಷ್ಕರಿಸಿದ ಸಿಟಿಎಸ್-2 (ಸಂಗಾತಿಗಳ ಜಗಳ, ದೌರ್ಜನ್ಯವನ್ನು ಅಳೆಯುವ ‘ಕಾನ್‌ಫ್ಲಿಕ್ಟ್ ಟ್ಯಾಕ್ಟಿಕ್ಸ್ ಸ್ಕೇಲ್ಸ್’) ಇದೆ. ಅದರಲ್ಲಿ 78 ಪ್ರಶ್ನೆ. ತಾನು ಮಾಡಿದ್ದು, ಸಂಗಾತಿ ಮಾಡಿದ್ದು ಎಂದು ಜೋಡಿ ಜೋಡಿಯಾಗಿ ಕೇಳುತ್ತದೆ. ದೊಡ್ಡ ಸಮೀಕ್ಷೆ ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿ. ಅವರು 10 ದೇಶಗಳ 24,000ಕ್ಕೂ ಹೆಚ್ಚು ಮಹಿಳೆಯರನ್ನು ಮಾತಾಡಿಸಿ 2005ರಲ್ಲಿ ವರದಿ ಕೊಟ್ಟರು. ಸಂಗಾತಿಯಿಂದ ಜೀವನದಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ದೌರ್ಜನ್ಯ ಅನುಭವಿಸಿದವರ ಪ್ರಮಾಣ ಒಂದು ಜಾಗದಲ್ಲಿ ಶೇ. 15 ಇದ್ದರೆ ಇನ್ನೊಂದರಲ್ಲಿ ಶೇ. 71. ಇಷ್ಟು ದೊಡ್ಡ ಅಂತರ ಕಂಡಾಗ, ಇದರಲ್ಲಿ ಬದುಕಿನ ವ್ಯತ್ಯಾಸ ಎಷ್ಟು, ಪ್ರಶ್ನೆ ಅರ್ಥವಾದ ರೀತಿಯ ವ್ಯತ್ಯಾಸ ಎಷ್ಟು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಲಿಕ್ಕೇ ಈ ಪರೀಕ್ಷೆಯೆಲ್ಲ.

ಕೆಲವು ಪ್ರಶ್ನಾವಳಿಗಳಿಗೆ ಹಕ್ಕುಸ್ವಾಮ್ಯ ಇರುತ್ತದೆ. ಅನುವಾದ ಶುರು ಮಾಡುವ ಮುಂಚೆಯೇ ಅನುಮತಿ ಕೇಳಿ.

ಹಂತ 2: ಸುರಕ್ಷತೆ

‘ಇನ್ನೂ ಪರೀಕ್ಷೆ ತಾನೆ, ನಿಜವಾದ ಸಮೀಕ್ಷೆ ಅಲ್ಲವಲ್ಲ’ ಅನ್ನುವವರಿದ್ದಾರೆ. ಪರೀಕ್ಷೆಗೆ ಬಂದ ಹೆಂಗಸು ಸಂಜೆ ಹೋಗುವುದು ಅದೇ ಮನೆಗೆ. ಹಾಗಾಗಿ ನಿಯಮಗಳೆಲ್ಲ ಇಲ್ಲಿಗೂ ಅನ್ವಯಿಸುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಇದಕ್ಕೆಂದೇ ಮಾರ್ಗಸೂಚಿ ಪ್ರಕಟಿಸಿದೆ. ಸಾರ ಇಷ್ಟು. ಒಂದು ಮನೆಯಿಂದ ಒಬ್ಬ ಹೆಂಗಸನ್ನು ಮಾತ್ರ ಮಾತಾಡಿಸಿ. ಮಾತು ಪೂರ್ತಿ ಏಕಾಂತದಲ್ಲಿ ನಡೆಯಬೇಕು. ತೀರಾ ಎಳೆಯ ಕೂಸು ಇದ್ದರೆ ಸರಿ, ಮಾತು ಅರ್ಥವಾಗುವ ಮಗುವೂ ಪಕ್ಕದಲ್ಲಿ ಇರಕೂಡದು. ಹೊರಗಿನವರಿಗೆ ‘ದೌರ್ಜನ್ಯದ ಸಮೀಕ್ಷೆ’ ಅಂತ ಹೇಳಬೇಡಿ, ‘ಮಹಿಳೆಯರ ಆರೋಗ್ಯ ಮತ್ತು ಬದುಕಿನ ಅನುಭವ’ ಅನ್ನಿ. ಭಾಗವಹಿಸುವವಳಿಗೆ ಮಾತ್ರ ಒಪ್ಪಿಗೆ ಕೇಳುವಾಗ ನಿಜ ವಿಷಯ ಹೇಳಿ. ನಡುವೆ ಯಾರಾದರೂ ಬಂದರೆ ತಟ್ಟನೆ ಹೊರಳಲು ಮುಟ್ಟು, ಬಾಣಂತನ, ಮಕ್ಕಳ ಆಹಾರದಂಥ ವಿಷಯದ ಇನ್ನೊಂದು ಪ್ರಶ್ನೆ ಹಾಳೆ ಕೈಯಲ್ಲಿರಲಿ. ನೆರವು ಎಲ್ಲಿ ಸಿಗುತ್ತದೆ ಎಂಬ ಮಾಹಿತಿ ಕೊಡಿ. ಆದರೆ ಅದನ್ನು ಬಟ್ಟೆ ಮಡಿಕೆಯಲ್ಲಿ ಸಿಕ್ಕರೂ ಅನುಮಾನ ಬರದ ಹಾಗೆ ಮಾಡಿ. ಬರೀ ದೌರ್ಜನ್ಯದ ನೆರವಿನ ಪಟ್ಟಿ ಬೇಡ, ಆರೋಗ್ಯ ಸೇವೆಗಳ ಸಾಮಾನ್ಯ ಪಟ್ಟಿಯ ನಡುವೆ ಅದೂ ಇರಲಿ.

ಸಂದರ್ಶನ ಮಾಡುವ ಹುಡುಗಿಯರ ಬಗ್ಗೆ ಯಾರೂ ಯೋಚಿಸುವುದಿಲ್ಲ. ದಿನಕ್ಕೆ ನಾಲ್ಕು ಇಂಥ ಕತೆ ಕೇಳಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಅವರಲ್ಲೇ ಕೆಲವರಿಗೆ ಇದು ಸ್ವಂತ ಅನುಭವವೂ ಆಗಿರುತ್ತದೆ. ವಾರಕ್ಕೊಮ್ಮೆಯಾದರೂ ಕೂತು ಮನಸ್ಸು ಬಿಚ್ಚಿ ಮಾತಾಡಲು ವೇಳೆ ಇಡಿ. ಅದಕ್ಕೆ ಬಜೆಟ್ಟಿನಲ್ಲಿ ಜಾಗವನ್ನೂ ಇಡಿ.

ಹಂತ 3: ಅನುವಾದ, ಮರು ಅನುವಾದ

ಸಾಮಾನ್ಯ ಪದ್ಧತಿ ಹೀಗೆ: ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರುತ್ತಾರೆ. ಒಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ಎರಡನ್ನೂ ಸೇರಿಸಿ ಒಂದು ಕರಡು. ಆ ಕರಡನ್ನು, ಮೂಲ ನೋಡದ ಇಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಕೊನೆಗೆ ಎಲ್ಲರೂ ತಜ್ಞರ ಜೊತೆ ಕೂತು ಒಪ್ಪಂದಕ್ಕೆ ಬರುತ್ತಾರೆ.

ಪದ್ಧತಿ ಸರಿ. ಆದರೆ ಮರು ಅನುವಾದದ ಮೇಲೆ ಜನ ಇಟ್ಟಿರುವ ನಂಬಿಕೆ ನನಗೆ ಜಾಸ್ತಿ ಅನ್ನಿಸುತ್ತದೆ. ಯಾಕೆ ಅಂತ ಹಿಟ್ಸ್‌ನ ನಾಲ್ಕನೆಯ ಪ್ರಶ್ನೆಯಲ್ಲೇ ತೋರಿಸುತ್ತೇನೆ. ಮೂಲದಲ್ಲಿ ‘ಸ್ಕ್ರೀಮ್’ ಮತ್ತು ‘ಕರ್ಸ್’ ಎಂಬ ಎರಡು ಪದಗಳಿವೆ. ನಿಘಂಟು ನೋಡಿ ಬರೆದರೆ ‘ಕಿರುಚುವುದು’, ‘ಶಪಿಸುವುದು’. ಇದನ್ನು ಇಂಗ್ಲಿಷಿಗೆ ಹಿಂತಿರುಗಿಸಿದರೆ ಅವೇ ಎರಡು ಪದ ಅಚ್ಚುಕಟ್ಟಾಗಿ ವಾಪಸ್ ಬರುತ್ತವೆ. ಹೊಂದಾಣಿಕೆ ನೂರಕ್ಕೆ ನೂರು! ಆದರೆ ಕನ್ನಡದಲ್ಲಿ ಕಿರುಚುವುದು ಯಾರು? ಹೆದರಿದವರು. ‘ನಿಮ್ಮ ಗಂಡ ಕಿರುಚುತ್ತಾರಾ’ ಅಂದರೆ ಆತ ಜಿರಳೆ ಕಂಡು ಹೆದರಿದ ಹಾಗಿದೆ. ಇನ್ನು ಶಪಿಸುವುದು ಋಷಿಮುನಿಗಳ ಕೆಲಸ. ಇಲ್ಲಿ ಬೇಕಾಗಿದ್ದದ್ದು ‘ಕೂಗಾಡುವುದು, ಕೆಟ್ಟ ಮಾತಲ್ಲಿ ಬೈಯುವುದು’. ಮರು ಅನುವಾದ ಈ ತಪ್ಪನ್ನು ಹಿಡಿಯುವುದಿಲ್ಲ, ಮುಚ್ಚುತ್ತದೆ. ಪದಕ್ಕೆ ಪದ ಇಟ್ಟ ಕೆಟ್ಟ ಅನುವಾದವೇ ಅದರಲ್ಲಿ ಸಲೀಸಾಗಿ ಪಾಸಾಗುತ್ತದೆ.

ಇನ್ನೂ ಕೆಲವು ಪದಗಳ ಮೇಲೆ ಕಣ್ಣಿಡಿ:

- ‘ಬಲವಂತ’. ಊಟಕ್ಕೆ ಕೂತವರಿಗೆ ಇನ್ನಷ್ಟು ಬಡಿಸುವುದೂ ಬಲವಂತವೇ, ಪ್ರೀತಿಯ ಬಲವಂತ. ಲೈಂಗಿಕ ಒತ್ತಾಯದ ಪ್ರಶ್ನೆಯಲ್ಲಿ ‘ನಿಮಗೆ ಇಷ್ಟ ಇಲ್ಲ ಅಂದರೂ’, ‘ಬೇಡ ಅಂದರೆ ಏನು ಮಾಡಿಬಿಡುತ್ತಾರೋ ಅಂತ ಹೆದರಿ’ ಎಂದು ಬಿಡಿಸಿ ಹೇಳಬೇಕು.
- ‘ದೈಹಿಕ ಸಂಪರ್ಕ’. ಇದು ಪತ್ರಿಕೆಯ ಭಾಷೆ. ಕೆಲವರಿಗೆ ಅರ್ಥವೇ ಆಗುವುದಿಲ್ಲ, ಕೆಲವರು ಬರೀ ಮೈ ತಾಗುವುದು ಅಂದುಕೊಳ್ಳುತ್ತಾರೆ. ತೀರಾ ಬಿಚ್ಚಿ ಹೇಳಿದರೆ ಮುಖ ತಿರುಗಿಸುತ್ತಾರೆ. ‘ಒಟ್ಟಿಗೆ ಮಲಗುವುದು’ ಹಲವರಿಗೆ ಹಿಡಿಸುತ್ತದೆ. ಅದನ್ನೂ ಕೇಳಿಯೇ ತೀರ್ಮಾನಿಸಿ.
- ‘ಹೊಡೆ’ ಮತ್ತು ‘ಬಡಿ’. ಒಂದು ಕಡೆ ಎರಡೂ ಒಂದೇ. ಇನ್ನೊಂದು ಕಡೆ ಬಡಿಯುವುದು ಅಂದರೆ ಸಿಕ್ಕಾಪಟ್ಟೆ ಹೊಡೆಯುವುದು.
- ತಳ್ಳು, ನೂಕು, ದಬ್ಬು. ಇಂಗ್ಲಿಷಿನಲ್ಲಿ ‘ಪುಶ್’, ‘ಶವ್’ ಎಂದು ಎರಡು ಪದ ಇದೆ ಅಂತ ನಾವೂ ಎರಡು ಹುಡುಕುತ್ತಾ ಕೂರಬೇಕಿಲ್ಲ.

ಪೀಠಿಕೆಯ ವಾಕ್ಯವನ್ನು ಎಲ್ಲರೂ ಅವಸರದಲ್ಲಿ ಅನುವಾದಿಸುತ್ತಾರೆ. ಸಿಟಿಎಸ್ ಮಾದರಿಯ ಪ್ರಶ್ನಾವಳಿಗಳು, ಜೋಡಿಗಳ ನಡುವೆ ಭಿನ್ನಾಭಿಪ್ರಾಯ ಸಹಜ ಎಂಬ ಮಾತಿನಿಂದ ಶುರುವಾಗುತ್ತವೆ. ಹೇಳುವವಳ ಸಂಕೋಚ ಕಡಿಮೆಯಾಗಲಿ ಅಂತ. ನಮ್ಮ ಅನುವಾದಕರ ಕೈ ತಾನಾಗೇ ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ದ ಕಡೆ ಹೋಗುತ್ತದೆ. ಗಾದೆಯ ಧಾಟಿ ಒಂದು ಸಲ ನುಸುಳಿತೋ, ಮುಂದಿನ ಎಲ್ಲ ಪ್ರಶ್ನೆಗಳೂ ‘ಇದನ್ನೆಲ್ಲ ಹೇಳಿಕೊಳ್ಳಬಾರದು’ ಎಂಬಂತೆ ಕೇಳಿಸತೊಡಗುತ್ತವೆ.

ಹಂತ 4: ತಜ್ಞರ ಕಣ್ಣು

ಕನಿಷ್ಠ ಆರು ಜನರಿಗೆ ಕರಡು ಕೊಡಿ. ಬರೀ ಪ್ರೊಫೆಸರುಗಳು ಬೇಡ. ನೊಂದ ಮಹಿಳೆಯರ ಜೊತೆ ದಿನವೂ ಕೂತು ಮಾತಾಡುವ ಆಪ್ತ ಸಲಹೆಗಾರರು, ನರ್ಸುಗಳು, ಇಂಥ ಬದುಕನ್ನು ದಾಟಿ ಬಂದ ಒಬ್ಬಿಬ್ಬರು ಇರಲಿ. ಪ್ರತಿ ಪ್ರಶ್ನೆಯೂ ಎಷ್ಟು ಪ್ರಸ್ತುತ ಎಂದು 1ರಿಂದ 4ರಲ್ಲಿ ಅಂಕ ಕೊಡಿಸಿ. 3 ಅಥವಾ 4 ಕೊಟ್ಟವರನ್ನು ಒಟ್ಟು ಜನರಿಂದ ಭಾಗಿಸಿ. ಆರು ಅಥವಾ ಹೆಚ್ಚು ತಜ್ಞರಿದ್ದರೆ 0.78 ಬಂದರೆ ಸಾಕು ಎಂಬುದು ರೂಢಿ. ಆರರಲ್ಲಿ ಐವರು ಒಪ್ಪಿದರೆ 0.83, ಪಾಸು. ನಾಲ್ವರು ಒಪ್ಪಿದರೆ 0.67, ಮತ್ತೆ ಬರೆಯಬೇಕು. ಅಂಕಕ್ಕಿಂತ ಅಂಚಿನಲ್ಲಿ ಬರೆದ ಟಿಪ್ಪಣಿಗಳೇ ಜಾಸ್ತಿ ಕೆಲಸಕ್ಕೆ ಬರುತ್ತವೆ.

ಹಂತ 5: ಕೇಳಿಸಿಕೊಂಡವರಿಗೆ ಏನು ಕೇಳಿಸಿತು?

ಇಡೀ ಕೆಲಸದ ಜೀವ ಇಲ್ಲಿದೆ. ಇದಕ್ಕೆ ‘ಕಾಗ್ನಿಟಿವ್ ಇಂಟರ್‌ವ್ಯೂ’ ಅನ್ನುತ್ತಾರೆ. ಪ್ರಶ್ನೆ ಓದಿ ಉತ್ತರ ಬರೆದುಕೊಳ್ಳುವುದಲ್ಲ. ಪ್ರಶ್ನೆ ಕೇಳಿದಾಗ ಆಕೆಯ ತಲೆಯಲ್ಲಿ ಏನು ಓಡಿತು ಅಂತ ತಿಳಿಯುವುದು. ಸ್ವಂತ ಅನುಭವ ಹೇಳಿ ಅಂತ ಇಲ್ಲಿ ಒತ್ತಾಯಿಸಬೇಡಿ. ‘ಬೇರೆ ಯಾರಿಗಾದರೂ ಈ ಪ್ರಶ್ನೆ ಕೇಳಿದರೆ’ ಅಂತ ಶುರು ಮಾಡಿದರೆ ಇಬ್ಬರಿಗೂ ಹಗುರ. ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

“ಅಕ್ಕ, ‘ಗಂಡ ಹೊಡೆದಿದ್ದಾರಾ’ ಅಂತ ಒಬ್ಬ ಹೆಂಗಸಿಗೆ ಕೇಳಿದರೆ, ಆಕೆ ಏನು ಅಂದುಕೊಳ್ಳಬಹುದು?”

“ಹೊಡೆಯೋದು ಅಂದ್ರೆ ಕೋಲು ತಗೊಂಡು, ಬೆಲ್ಟು ತಗೊಂಡು. ಕುಡ್ಕೊಂಡು ಬಂದು ಮಾಡ್ತಾರಲ್ಲ ಮೇಡಂ, ಹಾಗೆ.”

“ಸಿಟ್ಟಲ್ಲಿ ಕೆನ್ನೆಗೆ ಒಂದು ಕೊಟ್ಟರೆ?”

“ಅಯ್ಯೋ, ಅದು ಹೊಡೆಯೋದಾ? ಒಂದೇಟು ಅಷ್ಟೇ. ನಮ್ಮವರೂ ಕೊಡ್ತಾರೆ.”

ನೋಡಿದಿರಾ? ‘ಹೊಡೆದಿದ್ದಾರಾ’ ಅಂತ ಕೇಳಿದ್ದರೆ ಆಕೆಯ ಉತ್ತರ ‘ಇಲ್ಲ’. ‘ಕೆನ್ನೆಗೆ ಏಟು ಕೊಟ್ಟಿದ್ದಾರಾ’ ಅಂದರೆ ‘ಹೌದು’. ಒಳ್ಳೆಯ ಪ್ರಶ್ನಾವಳಿಗಳು ಹಿಂಸೆ, ದೌರ್ಜನ್ಯ ಅಂತ ಹೆಸರಿಡದೆ, ಒಂದೊಂದು ಕ್ರಿಯೆಯನ್ನೂ ಬಿಡಿಬಿಡಿಯಾಗಿ ಕೇಳುವುದು ಇದೇ ಕಾರಣಕ್ಕೆ. ಕೆನ್ನೆಗೆ ಬಾರಿಸುವುದು, ಕೂದಲು ಹಿಡಿದು ಎಳೆಯುವುದು, ಒದೆಯುವುದು, ಕತ್ತು ಹಿಸುಕುವುದು, ಬೇಕಂತಲೇ ಸುಡುವುದು, ಹೀಗೆ. ಹೆಸರಿಡುವ ಕೆಲಸ ನಮ್ಮದು, ಆಕೆಯದಲ್ಲ.

ಉತ್ತರದ ಆಯ್ಕೆಗಳನ್ನೂ ಇದೇ ವೇಳೆ ಪರೀಕ್ಷಿಸಿ. ಸುಲಭದ ಉಪಾಯ ಇದೆ. ‘ಯಾವತ್ತೂ ಇಲ್ಲ’, ‘ಅಪರೂಪಕ್ಕೆ’, ‘ಕೆಲವೊಮ್ಮೆ’, ‘ಆಗಾಗ’, ‘ಪದೇ ಪದೇ’ ಎಂದು ಐದು ಚೀಟಿ ಬರೆದು, ಕಲಸಿ, ಕಡಿಮೆಯಿಂದ ಜಾಸ್ತಿಗೆ ಜೋಡಿಸಿ ಅನ್ನಿ. ‘ಆಗಾಗ’ ಚೀಟಿ ಓಡಾಡುವುದನ್ನು ನೋಡಬೇಕು! ಕೆಲವರಿಗೆ ಅದು ‘ಮೇಲಿಂದ ಮೇಲೆ’, ಕೆಲವರಿಗೆ ‘ಎಲ್ಲೋ ಒಮ್ಮೊಮ್ಮೆ’. ಈ ಒಂದು ಪದದಿಂದ ಅಂಕಗಳು ತಲೆಕೆಳಗಾಗುತ್ತವೆ. ಮೂಲದಲ್ಲಿ ಅವಕಾಶ ಇದ್ದರೆ ಸಂಖ್ಯೆಯೇ ಒಳ್ಳೆಯದು. ಸಿಟಿಎಸ್-2ರಲ್ಲಿ ‘1 ಸಲ, 2 ಸಲ, 3ರಿಂದ 5 ಸಲ’ ಎಂದೇ ಇದೆ.

‘ಕಳೆದ 12 ತಿಂಗಳಲ್ಲಿ’ ಎಂಬುದೂ ಜಾರುವ ಮಾತು. ‘ಕಳೆದ ವರ್ಷ’ ಅಂತ ಬರೆದರಂತೂ ಕೆಲವರು ಹಿಂದಿನ ಡಿಸೆಂಬರಿಗೇ ನಿಲ್ಲಿಸಿಬಿಡುತ್ತಾರೆ. ‘ಹೋದ ವರ್ಷ ಇದೇ ತಿಂಗಳಿಂದ ಇವತ್ತಿನವರೆಗೆ’ ಅಂದರೆ ಗೊಂದಲ ಕಡಿಮೆ.

ಎಷ್ಟು ಜನ ಬೇಕು? ಹತ್ತು ಹನ್ನೆರಡು ಜನರ ಒಂದು ಸುತ್ತು ಮಾಡಿ, ತಿದ್ದಿ, ಇನ್ನೊಂದು ಸುತ್ತು ಮಾಡಿ. ಹೊಸ ತೊಡಕು ಬರುವುದು ನಿಂತಾಗ ನಿಲ್ಲಿಸಿ. ಓದು ಬಾರದವರು, ವಯಸ್ಸಾದವರು, ಬೇರೆ ಬೇರೆ ಕಡೆಯ ಕನ್ನಡ ಆಡುವವರು ಎಲ್ಲರೂ ಇರಲಿ. ಬರೀ ಕಾಲೇಜು ಹುಡುಗಿಯರ ಮೇಲೆ ಪರೀಕ್ಷೆ ಮಾಡಿ ‘ಎಲ್ಲರಿಗೂ ಅರ್ಥವಾಯಿತು’ ಅಂತ ಬರೆಯಬೇಡಿ. ಇದಾದ ಮೇಲೆ 30ರಿಂದ 40 ಜನರ ಮೇಲೆ ಪೂರ್ತಿ ಪ್ರಶ್ನಾವಳಿಯನ್ನು ಒಮ್ಮೆ ಓಡಿಸಿ ನೋಡಿ. ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ತಡವರಿಸಿದರು, ಯಾವ ಪ್ರಶ್ನೆಯನ್ನು ಸಂದರ್ಶನ ಮಾಡುವವಳೇ ಓದಲು ನಾಚಿ ಸುಮ್ನೆ ಹಾರಿಸಿದಳು, ಎಲ್ಲ ಗೊತ್ತಾಗುತ್ತದೆ. ಈ ಕೊನೆಯದು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ನಡೆಯುತ್ತದೆ.

ಹಂತ 6: ಮತ್ತೆ ಕೇಳಿದರೆ ಅದೇ ಉತ್ತರ ಬರುತ್ತದಾ?

ಒಂದೆರಡು ವಾರ ಬಿಟ್ಟು ಅದೇ ಜನರಿಗೆ ಮತ್ತೆ ಕೇಳುವುದು ವಾಡಿಕೆ. ಆದರೆ ಅದೇ ಮನೆಗೆ ಎರಡನೇ ಸಲ ಹೋಗುವುದೇ ಒಂದು ಅಪಾಯ. ಯಾಕೆ ಮತ್ತೆ ಬಂದರು ಅಂತ ಗಂಡ ಕೇಳುತ್ತಾನೆ. ಹಾಗಾಗಿ ಆಕೆ ಹೇಗೂ ಬರುವ ಜಾಗ, ಉದಾಹರಣೆಗೆ ಕ್ಲಿನಿಕ್ಕಿನಲ್ಲಿ, ಇದನ್ನು ಇಟ್ಟುಕೊಳ್ಳಿ. ಮೊದಲ ಸಲವೇ ಒಪ್ಪಿಗೆ ಕೇಳಿ.

ಲೆಕ್ಕದಲ್ಲಿ ಒಂದು ಬಲೆ ಇದೆ. 100 ಜನರಿಗೆ ಕತ್ತು ಹಿಸುಕಿದ ಬಗ್ಗೆ ಎರಡು ಸಲ ಕೇಳಿದಿರಿ ಅಂದುಕೊಳ್ಳಿ. 88 ಜನ ಎರಡು ಸಲವೂ ‘ಇಲ್ಲ’. 4 ಜನ ಎರಡು ಸಲವೂ ‘ಹೌದು’. 4 ಜನ ಮೊದಲ ಸಲ ಮಾತ್ರ ‘ಹೌದು’, ಇನ್ನು 4 ಜನ ಎರಡನೇ ಸಲ ಮಾತ್ರ ‘ಹೌದು’. ಹೊಂದಾಣಿಕೆ ಶೇ. 92. ವರದಿಯಲ್ಲಿ ಹಾಕಿಕೊಳ್ಳಲು ಚೆನ್ನಾಗಿದೆ. ಆದರೆ ಮೊದಲ ಸಲ ‘ಹೌದು’ ಅಂದ 8 ಜನರಲ್ಲಿ ಅರ್ಧಕ್ಕರ್ಧ ಮಾತು ಬದಲಿಸಿದ್ದಾರೆ! ಆಕಸ್ಮಿಕವಾಗಿ ಬರುವ ಹೊಂದಾಣಿಕೆಯನ್ನು ಕಳೆದು ನೋಡುವ ಅಳತೆ ‘ಕಪ್ಪಾ’. ಪೂರ್ತಿ ಹೊಂದಿದರೆ ಅದು 1, ಇಲ್ಲಿ 0.46 ಮಾತ್ರ. ಅಪರೂಪದ ಘಟನೆಗಳಿಗೆ ಶೇಕಡಾವಾರು ಹೊಂದಾಣಿಕೆಯನ್ನು ಒಂಟಿಯಾಗಿ ನಂಬಬೇಡಿ.

ಇನ್ನೊಂದು ಮಾತು. ಎರಡನೇ ಸಲ ‘ಹೌದು’ ಅಂದವರು ಗೊಂದಲದಲ್ಲಿದ್ದಾರೆ ಅಂತಲೇ ಅಲ್ಲ. ಮೊದಲ ಸಲ ನಿಮ್ಮ ಮೇಲೆ ನಂಬಿಕೆ ಇರಲಿಲ್ಲ, ಈಗ ಬಂತು. ಇದು ಪ್ರಶ್ನೆಯ ದೋಷವಾ, ನಂಬಿಕೆಯ ಬೆಳವಣಿಗೆಯಾ? ಕಪ್ಪಾಗೆ ಗೊತ್ತಾಗುವುದಿಲ್ಲ. ಸಂದರ್ಶನ ಮಾಡಿದವಳನ್ನು ಕೇಳಿ.

ಹಂತ 7: ಅಂಕಿಸಂಖ್ಯೆಯ ಪರೀಕ್ಷೆಗಳು

ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವಾ ಎಂದು ನೋಡಲು ಕ್ರೊನ್‌ಬಾಕ್ ಆಲ್ಫಾ. 0.70 ದಾಟಿದರೆ ಸರಿ ಅನ್ನುತ್ತಾರೆ. 0.95 ದಾಟಿದರೆ ಒಂದೇ ಪ್ರಶ್ನೆಯನ್ನು ತಿರುವಿ ತಿರುವಿ ಕೇಳುತ್ತಿದ್ದೀರಿ ಅಂತ ಅನುಮಾನ. ಆದರೆ ಇಲ್ಲಿ ನಿಂತು ಯೋಚಿಸಿ. ಖಿನ್ನತೆ ಒಳಗಿರುವ ಒಂದು ಸ್ಥಿತಿ, ಅದರ ಲಕ್ಷಣಗಳು ಒಟ್ಟೊಟ್ಟಿಗೆ ಬರುತ್ತವೆ. ಏಟುಗಳು ಹಾಗಲ್ಲ. ಚಾಕು ತೋರಿಸಿ ಬೆದರಿಸಿದವನು ಕೂದಲು ಎಳೆದಿರಲೇಬೇಕು ಅಂತಿಲ್ಲ. ಚಾಕುವಿನ ಪ್ರಶ್ನೆಗೆ ‘ಹೌದು’ ಅನ್ನುವವರು ಕಡಿಮೆ, ಹಾಗಾಗಿ ಅದರ ಹೊಂದಾಣಿಕೆಯೂ ಕಡಿಮೆ ಕಾಣುತ್ತದೆ. ಸಾಫ್ಟ್‌ವೇರ್ ‘ಈ ಪ್ರಶ್ನೆ ತೆಗೆದರೆ ಆಲ್ಫಾ ಏರುತ್ತದೆ’ ಅನ್ನುತ್ತದೆ. ದಯವಿಟ್ಟು ತೆಗೆಯಬೇಡಿ. ಜೀವಕ್ಕೆ ಕುತ್ತಾಗುವ ಪ್ರಶ್ನೆಯನ್ನು ಬಿಟ್ಟು ಆಲ್ಫಾ ಉಳಿಸಿಕೊಂಡರೆ ಏನು ಬಂತು?

ಮಾನಸಿಕ, ದೈಹಿಕ, ಲೈಂಗಿಕ ಎಂಬ ವಿಭಾಗಗಳು ಕನ್ನಡದಲ್ಲೂ ಹಾಗೇ ನಿಲ್ಲುತ್ತವಾ ಎಂದು ತಿಳಿಯಲು ಫ್ಯಾಕ್ಟರ್ ವಿಶ್ಲೇಷಣೆ, ಅಂದರೆ ಯಾವ ಪ್ರಶ್ನೆಗಳು ಒಂದೇ ಗುಂಪಿಗೆ ಸೇರುತ್ತವೆ ಎಂದು ಉತ್ತರಗಳಿಂದಲೇ ನೋಡುವ ಲೆಕ್ಕ. ಇದಕ್ಕೆ ಕನಿಷ್ಠ 200 ಜನ ಬೇಕು, ಅಪರೂಪದ ಘಟನೆಗಳಿದ್ದರೆ ಇನ್ನೂ ಜಾಸ್ತಿ. ಅಂದುಕೊಂಡ ವಿಭಾಗಗಳು ಉತ್ತರಗಳಿಗೆ ಎಷ್ಟು ಹೊಂದುತ್ತವೆ ಎಂದು ಹೇಳುವ ಎರಡು ಅಳತೆಗಳಲ್ಲಿ ಸಿಎಫ್‌ಐ (ಜಾಸ್ತಿ ಇದ್ದಷ್ಟು ಒಳ್ಳೆಯದು) 0.95ರ ಹತ್ತಿರ, ಆರ್‌ಎಂಎಸ್‌ಇಎ (ಕಡಿಮೆ ಇದ್ದಷ್ಟು ಒಳ್ಳೆಯದು) 0.06ರ ಆಸುಪಾಸು ಇದ್ದರೆ ಒಳ್ಳೆಯ ಹೊಂದಾಣಿಕೆ ಅನ್ನುತ್ತಾರೆ. ‘ಹೌದು/ಇಲ್ಲ’ ಉತ್ತರಗಳಿಗೆ ಸಾಮಾನ್ಯ ಸಹಸಂಬಂಧ (ಎರಡು ಉತ್ತರಗಳು ಎಷ್ಟು ಒಟ್ಟಿಗೆ ಸಾಗುತ್ತವೆ ಎಂಬ ಅಳತೆ) ಹಾಕಬೇಡಿ, ಅದಕ್ಕೆಂದೇ ಇರುವ ಟೆಟ್ರಾಕೋರಿಕ್ ಸಹಸಂಬಂಧ ಬಳಸಿ.

ಅಳೆಯಬೇಕಾದದ್ದನ್ನೇ ಅಳೆಯುತ್ತಿದೆಯಾ ಎಂಬುದಕ್ಕೆ ಊಹೆಗಳನ್ನು ಮೊದಲೇ ಬರೆದಿಡಿ. ಖಿನ್ನತೆಯ ಅಂಕದ ಜೊತೆ ಇದು ಏರಬೇಕು. ಆಶ್ರಯ ಕೇಂದ್ರದಲ್ಲಿ ಇರುವವರ ಅಂಕ ಉಳಿದವರಿಗಿಂತ ಸ್ಪಷ್ಟವಾಗಿ ಜಾಸ್ತಿ ಇರಬೇಕು. ಇಲ್ಲದಿದ್ದರೆ ಎಲ್ಲೋ ಎಡವಿದ್ದೀರಿ. ಗಂಡನನ್ನು ಕೇಳಿ ತಾಳೆ ನೋಡುವ ಯೋಚನೆಯಂತೂ ಬೇಡವೇ ಬೇಡ. ಆಕೆ ಏನೋ ಹೇಳಿದ್ದಾಳೆ ಅಂತ ಅವನಿಗೆ ಸುಳಿವು ಕೊಟ್ಟ ಹಾಗಾಗುತ್ತದೆ.

ಹಿಟ್ಸ್‌ನ ‘10 ದಾಟಿದರೆ’ ಎಂಬ ಗೆರೆ ಕನ್ನಡಕ್ಕೆ ತಾನಾಗೇ ಬರುವುದಿಲ್ಲ. ಕೂಗಾಟ ಮಾಮೂಲಿ ಅನ್ನುವ ಕಡೆ ಅಂಕದ ಅರ್ಥವೇ ಬೇರೆ. ದೊಡ್ಡ ಪ್ರಶ್ನಾವಳಿಯ ಜೊತೆ ಹೋಲಿಸಿ, ಗೆರೆಯನ್ನು ಎಲ್ಲಿ ಎಳೆಯಬೇಕು ಎಂದು ಮತ್ತೆ ನೋಡಬೇಕು.

ಹಂತ 8: ಬರೆದಿಡುವುದು

ಮೂಲದಲ್ಲಿ ಇಲ್ಲದ ಕ್ರಿಯೆಗಳು ಸಂದರ್ಶನಗಳಲ್ಲಿ ಬಂದೇ ಬರುತ್ತವೆ. ಫೋನ್ ಕಿತ್ತುಕೊಳ್ಳುವುದು, ಮನೆಯಿಂದ ಹೊರಹಾಕಿ ಬಾಗಿಲು ಹಾಕುವುದು, ಸಂಬಳದ ಕಾರ್ಡು ತಾನೇ ಇಟ್ಟುಕೊಳ್ಳುವುದು. ಮೂಲದಲ್ಲಿ ಇವು ಇಲ್ಲದಿದ್ದರೆ ಸೇರಿಸಿ, ಆದರೆ ಆಯಾ ವಿಭಾಗದ ಕೊನೆಗೆ. ನಡುವೆ ತುರುಕಿದರೆ ಬೇರೆ ಕಡೆಯ ಅಂಕಿಗಳ ಜೊತೆ ಹೋಲಿಸಲು ಆಗುವುದಿಲ್ಲ.

ಪ್ರತಿ ಬದಲಾವಣೆಗೂ ಒಂದು ಸಾಲು ಬರೆದಿಡಿ. ಮೊದಲು ಏನಿತ್ತು, ಈಗ ಏನು, ಯಾರ ಯಾವ ಮಾತಿನಿಂದ ಬದಲಾಯಿತು. ಉದಾಹರಣೆಗೆ: ‘ಮನೆಯವರು ಹಿಂಸೆ ಮಾಡಿದ್ದಾರಾ’ ಹೋಯಿತು, ‘ನಿಮ್ಮ ಗಂಡ ಯಾವತ್ತಾದರೂ ನಿಮ್ಮ ಕೆನ್ನೆಗೆ ಹೊಡೆದದ್ದು ಇದೆಯಾ’ ಬಂತು, ಎರಡನೇ ಸುತ್ತಿನಲ್ಲಿ ಒಬ್ಬರು ‘ಈಗಿನ ಗಂಡನಾ, ಮೊದಲಿನವನಾ’ ಅಂತ ಕೇಳಿದರು, ‘ಈಗಿನ ಅಥವಾ ಹಿಂದಿನ’ ಎಂದು ಸೇರಿಸಿದೆವು, ಮೂರನೇ ಸುತ್ತು ಬಾಕಿ.